ಡಾಕ್ಟರ್ ಕಿವಿಗಿಟ್ಟ ಪೈಪು

ಆ ಗ್ಯಾರೇಜಿನ ಯಜಮಾನನಿಗೆ ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಅವನು ಓದಿದ್ದೇನೂ ಇಲ್ಲ. ಗೋಡೆಯ ಮೊಳೆಗೆ ನೇತುಹಾಕಿದ ಮಾರುದ್ದದ ರಬ್ಬರ್ ಪೈಪೊಂದೇ ಅವನ ಪದವಿ. ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಓಡುತ್ತಿರುವ ಎಂಜಿನ್ನಿನ ಸಂದುಗೊಂದುಗಳಲ್ಲಿ ಆಡಿಸಿದನೆಂದರೆ, ಕೂದಲೆಳೆಯಷ್ಟು ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಸುಳುತ್ತಿದ್ದರೂ "ಇಲ್ಲಿ" ಎಂದು ಬೆರಳಿಟ್ಟು ತೋರಿಸುತ್ತಿದ್ದ. ಕೆಲಸ ಎಷ್ಟೇ ಚೆನ್ನಾಗಿ ಮುಗಿದಿರಲಿ, ಡಾಕ್ಟರ್ ಪೈಪಿಟ್ಟು ಕೇಳಿ "ಆಯ್ತು, ತಗೊಂಡ್ಹೋಗಿ" ಎನ್ನುವ ತನಕ ಆ ಗ್ಯಾರೇಜಿನಿಂದ ಒಂದು ಗಾಡಿಯೂ ಹೊರಗೆ ಹೋಗುವಂತಿರಲಿಲ್ಲ. ಗಿರಾಕಿಗಳು ಬರುತ್ತಿದ್ದುದೇ ಆ ಒಂದು ಮಾತಿಗಾಗಿ.

ಅಂಥ ಡಾಕ್ಟರಿಗೆ ಕಿವಿ ಕೈಕೊಟ್ಟು ವರ್ಷದ ಮೇಲಾಗಿತ್ತು.

ಪೂರ್ತಿ ಕಿವುಡೇನಲ್ಲ. ಲಾರಿಯ ಗುಡುಗು, ಸುತ್ತಿಗೆಯ ಏಟು, ಎದುರಿಗೆ ನಿಂತವರ ಮಾತು ಎಲ್ಲ ಕೇಳಿಸುತ್ತಿತ್ತು. ಹೋಗಿದ್ದು ಸಣ್ಣ ದನಿಗಳು. ಮೊದಲು ಇಂಡಿಕೇಟರಿನ ಟಿಕ್ ಟಿಕ್ ಹೋಯಿತು, ಆಮೇಲೆ ಒಳಕೋಣೆಯ ಫೋನು ಹೋಯಿತು, ಕೊನೆಗೆ ಅವನಿಗೆ ಅನ್ನ ಹಾಕುತ್ತಿದ್ದ, ಗಾಳಿ ಸೋರುವ ಆ ಸಣ್ಣ ಸದ್ದೂ ಹೋಯಿತು. ಇದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಉಳಿಯುವುದೇನು? ಮೊಣಕಾಲು ನೋವಿನ, ಹರಕು ಬಾಯಿಯ ಮುದುಕನೊಬ್ಬ. ಹಾಗಾಗಿ ಜನರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ಹಿಡಿಯಲಾಗದಿದ್ದಾಗ ಬೈಯುತ್ತಿದ್ದ. ಬೈಯುವುದನ್ನು ಹೊಸದಾಗಿ ಕಲಿಯಬೇಕಿರಲಿಲ್ಲ.

ಬೈಗುಳದ ದೊಡ್ಡ ಪಾಲು ಸಿಗುತ್ತಿದ್ದುದು ಕೌಂಟರಿನಲ್ಲಿ ಕೂತು ಬಿಲ್ಲು ಬರೆಯುವ ಅವನ ಹೆಂಡತಿಗೆ. ಅವಳು ಬೆನ್ನ ಹಿಂದಿನಿಂದ ಏನಾದರೂ ಕೇಳಿದಳೋ, "ಬಾಯಲ್ಲಿ ಹಿಟ್ಟು ತುಂಬ್ಕೊಂಡಿದೀಯಾ? ಬಾಯಿ ಬಿಟ್ಟು ಮಾತಾಡು" ಎಂದು ಗಿರಾಕಿಗಳ ಎದುರೇ ರೇಗುತ್ತಿದ್ದ. "ಮದುವೇಲಿ ಗಂಟಲು ಇತ್ತು ಸಾರ್ ಇವಳಿಗೆ, ಈಗ ಬರೀ ತುಟಿ ಉಳಿದಿದೆ" ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅವಳು ತಲೆ ತಗ್ಗಿಸಿ ಬಿಲ್ಲು ಬರೆಯುತ್ತಿದ್ದಳು.

ಮಿಕ್ಕ ಪಾಲು ತಮ್ಮನದು. ತಮ್ಮ ಅವನಿಗಿಂತ ಬಹಳ ಚಿಕ್ಕವನು. ಅಪ್ಪ ಅಮ್ಮ ಹೋದ ಮೇಲೆ ಡಾಕ್ಟರೇ ಸಾಕಿದ, ಕೆಲಸ ಕಲಿಸಿದ. ಕಲಿಸಿದ್ದು ಹೇಗೆಂದರೆ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಬಾರಿಸಿ. ತಲೆಗೂದಲು ನರೆಯಲು ಶುರುವಾದರೂ ಗ್ಯಾರೇಜಿನಲ್ಲಿ ಅವನ ಹೆಸರು ಮಂಕು. "ನಮ್ಮ ಮಂಕು ಒಳ್ಳೆಯವನು, ಆದರೆ ಬಲ್ಬು ಸ್ವಲ್ಪ ನಿಧಾನಕ್ಕೆ ಹತ್ತುತ್ತೆ" ಎಂದು ಅಣ್ಣನೇ ಹೊಸ ಗಿರಾಕಿಗಳಿಗೆ ಪರಿಚಯ ಮಾಡಿಸುತ್ತಿದ್ದ. ತಮ್ಮನೂ ನಗುತ್ತಿದ್ದ. ಗಾಳಿ ಸೋರುವುದನ್ನು ಹಿಡಿಯಲು ಹೊಗೆ ಬಿಡುವ ಯಂತ್ರವೊಂದು ಬಂದಿದೆ, ಕೊಳ್ಳೋಣ ಎಂದು ಅವನು ಒಮ್ಮೆ ಕೇಳಿದ್ದಕ್ಕೆ ಡಾಕ್ಟರ್, "ಹೊಗೆ ಹಾಕಕ್ಕೆ ಇಲ್ಲೇನು ಸೊಳ್ಳೆ ಕಾಟನಾ?" ಎಂದು ಇಡೀ ಬೀದಿಗೆ ಕೇಳಿಸುವಂತೆ ಗೇಲಿ ಮಾಡಿದ್ದ.

ಹೀಗಿರುವಾಗ ಟೈಲ್ಸ್ ಅಂಗಡಿಯವನೊಬ್ಬ ತನ್ನ ಹಳದಿ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಹೋಗುವ ಕಾರು; ಅದಕ್ಕೆ ಹತ್ತುವುದು ಅಂತಿಲ್ಲ, ಇಳಿಯಬೇಕು. ಪಕ್ಕದ ಸೀಟಿನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ. ಅದರೊಳಗೆ ಬೇರೆ ಕಂಪನಿಯ, ಎಂಜಿನ್ನಿಗೆ ಗಾಳಿ ಎಳೆದುಕೊಡುವ ಇನ್‌ಟೇಕ್ ಸೆಟ್ಟು: ಅಗಲ ಬಾಯಿಯ ಮ್ಯಾನಿಫೋಲ್ಡು, ದೊಡ್ಡ ಥ್ರಾಟಲು, ತೊಡೆ ಗಾತ್ರದ ಗಾಳಿ ಪೈಪು, ಕೆಂಪು ಫಿಲ್ಟರು.

"ಇದನ್ನ ಹಾಕಿದ್ರೆ ಪವರ್ ಜಾಸ್ತಿ ಆಗುತ್ತಂತಲ್ಲ ಡಾಕ್ಟ್ರೇ?"

"ಹುಟ್ಟಿದಾಗ ಕೊಟ್ಟ ಮೂಗು ಕಿತ್ತು ದೊಡ್ಡ ಮೂಗು ಕೂರಿಸ್ತೀವಿ ಸಾರ್. ಹೆಚ್ಚು ಉಸಿರು, ಹೆಚ್ಚು ಓಟ. ಗೊರಕೇನೂ ಹೆಚ್ಚು" ಎಂದ ಡಾಕ್ಟರ್. ಆಮೇಲೆ ತಮ್ಮನ ಕಡೆ ತಿರುಗಿ, ಗಿರಾಕಿ ಕೇಳಲಿ ಎಂದೇ ದೊಡ್ಡದಾಗಿ ಹೇಳಿದ: "ಇದನ್ನ ನೀನೊಬ್ಬನೇ ಮಾಡು ಮಂಕು. ನನ್ನ ಕಿವೀಲಿ ಪಾಸಾದ್ರೆ ಪಕ್ಕದ ನಮ್ಮ ಶೆಡ್ಡು ನಿಂದು, ಅಲ್ಲಿಗೆ ಬರೋ ಗಿರಾಕಿನೂ ನಿಂದೇ."

ಹಾಗೆಂದದ್ದು ಔದಾರ್ಯಕ್ಕಲ್ಲ, ಅಷ್ಟು ತಗ್ಗಿನ ಕಾರಿಗೆ ಬಗ್ಗಲು ಅವನ ಸೊಂಟ ಒಪ್ಪುತ್ತಿರಲಿಲ್ಲ.

ತಮ್ಮ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದ. ಬ್ಯಾಟರಿ ಕಳಚಿದ, ಹಳೇ ಗಾಳಿಡಬ್ಬ ತೆಗೆದ, ಸಣ್ಣ ಸಣ್ಣ ಪೈಪುಗಳಿಗೆಲ್ಲ ಟೇಪು ಸುತ್ತಿ ಗುರುತು ಹಾಕಿದ, ಹಳೇ ಮ್ಯಾನಿಫೋಲ್ಡನ್ನು ಮಗುವನ್ನು ಎತ್ತುವಂತೆ ಎತ್ತಿ ಬೆಂಚಿನ ಮೇಲಿಟ್ಟ. ಒಂದು ನಟ್ಟು ಒಳಗೆ ಬಿದ್ದರೂ ಎಂಜಿನ್ನಿನ ಕಥೆ ಮುಗಿದಂತೆ, ಹಾಗಾಗಿ ತೆರೆದ ಬಾಯಿಗಳಿಗೆಲ್ಲ ಒಗೆದ ಬಟ್ಟೆ ತುರುಕಿದ. ಜಾಯಿಂಟಿನ ಸಂದು ಮುಚ್ಚುವ ಹಳೇ ಗ್ಯಾಸ್ಕೆಟ್ ಪಟ್ಟಿ ಅಂಟಿಕೊಂಡಿದ್ದಲ್ಲಿ ಕೆರೆದು ಕೆರೆದು ಲೋಹ ಹೊಳೆಯುವಂತೆ ಮಾಡಿದ. ಬಟ್ಟೆ ತೆಗೆದು, ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಆ ಕಡೆ ಒಂದು ಈ ಕಡೆ ಒಂದು, ಒಂದೇ ಹದಕ್ಕೆ ಬಿಗಿದ. ಡಾಕ್ಟರ್ ದೂರದಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಒಂದು ತಪ್ಪೂ ಸಿಗಲಿಲ್ಲ. ಅದು ಅವನಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಸಂಜೆ ಎಂಜಿನ್ ಚಾಲೂ ಮಾಡಿದರು. ಹೊಸ ಇನ್‌ಟೇಕಿಗೆ ಹೊಂದಿಕೊಳ್ಳುವ ತನಕ ಎಂಜಿನ್ನಿನ ವೇಗ ಕೊಂಚ ಏರಿಳಿಯುವುದು ಸಹಜ. ಇದೂ ಕೊಂಚ ಏರಿಳಿಯಿತು. ಕಾರು ಒಯ್ಯಲು ಬಂದಿದ್ದ ಟೈಲ್ಸ್‌ನವನು ಬಾನೆಟ್ಟಿನೊಳಗೆ ಇಣುಕಿ, "ತಮ್ಮನ ಕೈ ಚೆನ್ನಾಗಿದೆ ಡಾಕ್ಟ್ರೇ" ಎಂದ.

ಡಾಕ್ಟರ್ ಮೊಳೆಯಿಂದ ಪೈಪು ತೆಗೆದು ಕಿವಿಗಿಟ್ಟ. ಜಾಯಿಂಟಿನ ಉದ್ದಕ್ಕೂ ಆಡಿಸಿದ. ಏನೂ ಕೇಳಿಸಲಿಲ್ಲ. ಹಿಂದೆಲ್ಲ ಏನೂ ಕೇಳಿಸದಿದ್ದರೆ ಕೆಲಸ ಸರಿಯಾಗಿದೆ ಎಂದು ಅರ್ಥ. ಈಗ ಅದಕ್ಕೆ ಯಾವ ಅರ್ಥವೂ ಇರಲಿಲ್ಲ. ಸರಿಯಿದೆ ಎಂದು ಕಳಿಸಿ, ನಾಳೆ ಎಂಜಿನ್ ಕೆಟ್ಟರೆ ತನ್ನ ಕಿವಿಯ ಬಂಡವಾಳ ಬಯಲಾಗುತ್ತದೆ. ಸರಿಯಿಲ್ಲ ಎಂದರೆ ಮಂಕು ಇನ್ನೊಮ್ಮೆ ಬಿಚ್ಚುತ್ತಾನೆ, ಅವನ ಕೈಯೇನು ಸವೆದು ಹೋಗುವುದಿಲ್ಲ. ಲೆಕ್ಕ ಸಲೀಸಾಗಿತ್ತು.

"ಸೋರ್ತಿದೆ" ಎಂದ ಡಾಕ್ಟರ್.

ತಮ್ಮನ ಮುಖ ಸಣ್ಣದಾಯಿತು. "ಎಲ್ಲಿ ಅಣ್ಣ?"

"ಎಲ್ಲಿ ಅಂತ ನಾನೇ ಹೇಳಿ, ನಾನೇ ಬಿಚ್ಚಿ, ನಾನೇ ಕಟ್ಟೋದಾದ್ರೆ ನೀನ್ಯಾಕೆ? ಬಿಚ್ಚು."

ಮಾರನೆಯ ದಿನವೆಲ್ಲ ತಮ್ಮ ಬಿಚ್ಚಿದ, ಕೆರೆದ, ಇನ್ನೊಂದು ಗ್ಯಾಸ್ಕೆಟ್ ತಂದು ಕೂರಿಸಿದ. ಎಂಜಿನ್ ಓಡಿಸಿ, ಜಾಯಿಂಟಿನ ಸುತ್ತ ಕ್ಲೀನರ್ ಸ್ಪ್ರೇ ಹೊಡೆದ. ಎಲ್ಲಾದರೂ ಸಂದಿದ್ದರೆ ಸ್ಪ್ರೇ ಒಳಗೆಳೆದುಕೊಂಡು ಎಂಜಿನ್ನಿನ ಓಟ ಬದಲಾಗಬೇಕು. ಬದಲಾಗಲಿಲ್ಲ.

"ನೋಡಣ್ಣ, ಅಲ್ಲಾಡ್ತಾ ಇಲ್ಲ" ಎಂದ.

ಅಷ್ಟರಲ್ಲಿ ಪಕ್ಕದ ಟೈರ್ ಅಂಗಡಿಯವನೂ ಬಂದು ನಿಂತಿದ್ದ. ನೋಡುವವರಿದ್ದರೆ ಡಾಕ್ಟರಿಗೆ ಹುರುಪು. ಪೈಪಿಟ್ಟು, ಹುಬ್ಬು ಗಂಟಿಕ್ಕಿ, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿದ. "ನಿನ್ನ ಸ್ಪ್ರೇ ಡಬ್ಬಿ ದೊಡ್ಡದೋ ನನ್ನ ಕಿವಿ ದೊಡ್ಡದೋ? ಸೋರ್ತಿದೆ ಅಂದ್ರೆ ಸೋರ್ತಿದೆ. ಶೆಡ್ಡು ಬೇಕಂತೆ ಶೆಡ್ಡು! ನಿನ್ನ ಕೈಗೆ ಸೈಕಲ್ ಪಂಪು ಕೊಟ್ರೂ ಗಾಳಿ ಪಕ್ಕದ ಮನೆಗೆ ಹೋಗುತ್ತೆ."

ಟೈರ್ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣನ ಮುಖವನ್ನು, ಆಮೇಲೆ ಅಣ್ಣನ ಕೈಯಲ್ಲಿದ್ದ ಪೈಪನ್ನು ತಮ್ಮ ಬಹಳ ಹೊತ್ತು ನೋಡಿದ. ಮಂಕು ಬಡಿದಂತೆ ನಿಂತಿದೆ ಎಂದುಕೊಂಡ ಡಾಕ್ಟರ್. ಅವನಿಗೆ ಒಳಗೊಳಗೆ ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದೇಕೆ.

ಮೂರನೆಯ ದಿನ ಮಧ್ಯಾಹ್ನಕ್ಕೆಲ್ಲ ತಮ್ಮ ಕೆಲಸ ಮುಗಿಸಿದೆನೆಂದ. ಟೈಲ್ಸ್‌ನವನಿಗೆ ಫೋನು ಮಾಡಿ ಕರೆಸಿದವನೂ ಅವನೇ, ಟೈರ್ ಅಂಗಡಿಯವನನ್ನು ಕೂಗಿದವನೂ ಅವನೇ. "ಅತ್ತಿಗೆ, ನೀವೂ ಬನ್ನಿ" ಎಂದು ಕೌಂಟರಿನಿಂದ ಅವಳನ್ನೂ ಎಬ್ಬಿಸಿದ. ಎಂಜಿನ್ ಚಾಲೂ ಮಾಡಿದ. ಹೊಸ ಮೂಗು ಭೋರೆಂದು ಉಸಿರೆಳೆಯಿತು. ಟೈಲ್ಸ್‌ನವನ ಮುಖ ಅರಳಿತು. ತಮ್ಮ ಮೊಳೆಯಿಂದ ಪೈಪು ತೆಗೆದು, ಬಟ್ಟೆಯಿಂದ ಒರೆಸಿ, ಎರಡೂ ಕೈಯಲ್ಲಿ ಅಣ್ಣನಿಗೆ ಕೊಟ್ಟ. ಈ ಮರ್ಯಾದೆ ಡಾಕ್ಟರಿಗೆ ಹಿಡಿಸಿತು.

ಇವತ್ತು ಪಾಸು ಮಾಡಿಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೆ ಹೆಂಡತಿ ನೋಡುತ್ತಿದ್ದಳು, ಗಿರಾಕಿ ನೋಡುತ್ತಿದ್ದ, ಇಷ್ಟು ಜನರ ಎದುರು ಮಂಕುವಿಗೆ ಶೆಡ್ಡಿನ ಬೀಗದ ಕೈ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಪೈಪು ಕಿವಿಗಿಟ್ಟು ಮೆಲ್ಲನೆ ಆಡಿಸುತ್ತ ಹೋದವನು ನಡುವೆ ಒಂದು ಕಡೆ ಗಕ್ಕನೆ ನಿಂತ.

"ಇಲ್ಲೇ. ಹಾವಿನ ಥರ ಬುಸುಗುಡ್ತಿದೆ."

"ಚೆನ್ನಾಗಿ ಕೇಳಿಸ್ತಾ ಅಣ್ಣ?" ಎಂದ ತಮ್ಮ. ಅಣ್ಣನ ಎದುರೇ ನಿಂತು, ಒಂದೊಂದು ಅಕ್ಷರವನ್ನೂ ಬಿಡಿಸಿ ಕೇಳಿದ.

"ನಿನ್ನ ಥರ ಮಂದ ಅಲ್ಲ ನಾನು. ಕಿವಿ ಹರಿದು ಹೋಗೋ ಹಾಗೆ ಕೇಳಿಸ್ತಿದೆ."

ತಮ್ಮ ಅಣ್ಣನ ಕೈಯಿಂದ ಪೈಪು ತೆಗೆದುಕೊಂಡ. ಜೇಬಿನಿಂದ ಚೂಪು ಮೂತಿಯ ಇಕ್ಕಳ ತೆಗೆದು ಪೈಪಿನ ಆಚೆ ತುದಿಯೊಳಗೆ ತೂರಿಸಿ ಎಳೆದ. ಬಟ್ಟೆ ಬಂತು. ಎಳೆದಷ್ಟೂ ಬಂತು. ಎಣ್ಣೆಯಲ್ಲಿ ನೆನೆಸಿ, ಬೆಣೆಯಂತೆ ಬಿಗಿದು ಜಡಿದಿದ್ದ ಬಟ್ಟೆ. ಅದರೊಳಗಿನಿಂದ ಹಾವಿನ ಬುಸುಗುಟ್ಟುವಿಕೆ ಇರಲಿ, ಗಾಳಿಯೂ ದಾಟುವಂತಿರಲಿಲ್ಲ.

ಆದರೆ ಬಾಯಿ ಡಾಕ್ಟರಿಗೆ ಎಂದೂ ಕೈಕೊಟ್ಟಿರಲಿಲ್ಲ, ಈಗಲೂ ಕೊಡಲಿಲ್ಲ. ಬಿದ್ದು ಬಿದ್ದು ನಕ್ಕ. "ಭೇಷ್ ಮಂಕು! ಮೂರು ದಿನ ಬೇಕಾಯ್ತು ನಿನಗೆ! ಸರಿಯಾಗಿದೆ ಅಂತ ಮೊದಲ ದಿನವೇ ಗೊತ್ತಿತ್ತು ನಂಗೆ. ಕೆಲಸ ಮಾಡಿದ್ರೆ ಸಾಲ್ದು, ಮಾಡಿದ್ದು ಸರಿ ಅಂತ ನಿಂತು ಹೇಳೋ ಗುಂಡಿಗೆ ಬೇಕು. ಅದಿದೆಯಾ ಅಂತ ನೋಡ್ತಿದ್ದೆ. ಏನ್ ಸಾರ್?"

ಟೈಲ್ಸ್‌ನವನು ಅರೆಮನಸ್ಸಿನಿಂದ ಹೌದೌದು ಎಂದು ತಲೆಯಾಡಿಸಿದ. ಅಷ್ಟು ಸಾಕಿತ್ತು. ಬಚಾವಾದೆ ಎಂದುಕೊಂಡ ಡಾಕ್ಟರ್. ಎದೆ ಸೆಟೆಸಿಕೊಂಡು ಎಲ್ಲರಿಗೂ ಬೆನ್ನು ಹಾಕಿ, ಮೂಲೆಯ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದ. ಅವನ ಹಿಂದೆ ಎಂಜಿನ್ ಭೋರಿಡುತ್ತಲೇ ಇತ್ತು. ಸೋಪು ಹಚ್ಚಿ ಉಗುರ ಸಂದಿಯ ಗ್ರೀಸು ತಿಕ್ಕುತ್ತ, ನಾಳೆ ಮಂಕುವಿಗೆ ಏನು ಶಾಸ್ತಿ ಮಾಡಬೇಕೆಂದು ನಿಧಾನವಾಗಿ ಯೋಚಿಸಿದ. ಶೆಡ್ಡೂ ಇಲ್ಲ, ಮಲಗಲು ಮನೆಯ ಪಡಸಾಲೆಯೂ ಇಲ್ಲ, ಗಂಟುಮೂಟೆ ಕಟ್ಟು ಎನ್ನಬೇಕು.

ತಲೆಯೆತ್ತಿದಾಗ ನಲ್ಲಿಯ ಮೇಲಿನ ಒಡಕು ಕನ್ನಡಿಯಲ್ಲಿ ಎಲ್ಲರೂ ಕಂಡರು. ಟೈಲ್ಸ್‌ನವನು ಕಾರಿನ ಚಾವಣಿಗೆ ಹಣೆಯಿಟ್ಟು ಭುಜ ಕುಲುಕಿಸುತ್ತಿದ್ದ. ಟೈರ್ ಅಂಗಡಿಯವನು ತೊಡೆ ತಟ್ಟಿಕೊಳ್ಳುತ್ತಿದ್ದ. ಅಣ್ಣನ ಬೆನ್ನಿಗೆ ಎರಡೇ ಹೆಜ್ಜೆ ದೂರದಲ್ಲಿ ತಮ್ಮ ನಿಂತಿದ್ದ, ಬಾಯಿ ದೊಡ್ಡದಾಗಿ ತೆರೆದಿತ್ತು. ಅವನೊಬ್ಬನೇ ನಗುತ್ತಿರಲಿಲ್ಲ. ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಡಾಕ್ಟರ್ ತಿರುಗಿದ. ತಮ್ಮ ಬಾಯಿ ಮುಚ್ಚಿದ, ಎಂಜಿನ್ ಆರಿಸಿದ. ಟೈಲ್ಸ್‌ನವನು ಡಾಕ್ಟರನ್ನು ಒಂದು ಮಾತೂ ಕೇಳದೆ, ಕೀಲಿಯನ್ನು ತಮ್ಮನ ಕೈಯಿಂದ ಇಸಿದುಕೊಂಡು, ಕಾರಿಗೆ ಇಳಿದು ಹೊರಟುಹೋದ. ಪೈಪು ನೆಲದ ಮೇಲೆ ಬಿದ್ದಿತ್ತು. ಯಾರೂ ಎತ್ತಲಿಲ್ಲ.

ಸಂಜೆ ಮನೆಯಲ್ಲಿ ಡಾಕ್ಟರ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ತಟ್ಟೆಯ ಅನ್ನ ಹಾಗೇ ಇತ್ತು. ಇಡೀ ಜಗತ್ತು ನಕ್ಕರೂ ಇವಳೊಬ್ಬಳು ತನಗಾಗಿ ಅತ್ತಳಲ್ಲ ಎಂಬುದನ್ನೇ ಹಿಡಿದುಕೊಂಡು ಅವನು ಮನೆಯ ತನಕ ನಡೆದು ಬಂದಿದ್ದ. ಎಷ್ಟೋ ವರ್ಷಗಳ ಮೇಲೆ ಅವಳ ಮೇಲೆ ಪ್ರೀತಿ ಉಕ್ಕಿತ್ತು.

"ನಾನು ಕೈ ತೊಳೀವಾಗ ಅವನು ಏನಂದ?" ಎಂದು ಮೆತ್ತಗೆ ಕೇಳಿದ.

ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು, ಅವನ ಮುಖಕ್ಕೆ ಮುಖ ಕೊಟ್ಟು ಕೂತಳು.

"ಅಣ್ಣಾ ಅಂದ."

"ಆಮೇಲೆ?"

"ಆಮೇಲೂ ಅಣ್ಣಾ ಅಂದ. ಇನ್ನೂ ಹತ್ರ ಬಂದು ಅಂದ. ಕೊನೆಗೆ ಗಂಟಲು ಕಿತ್ತು ಹೋಗೋ ಹಾಗೆ ಕೂಗಿದ. ಬೀದೀಲಿ ಹೋಗೋರೆಲ್ಲ ತಿರುಗಿ ನೋಡಿದ್ರು. ನೀವು ಸೋಪು ಹಚ್ಕೊಳ್ತಾ ಇದ್ರಿ."

ಡಾಕ್ಟರ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನೀನೊಬ್ಬಳಾದರೂ ಅತ್ತ್ಯಲ್ಲ" ಎಂದ.

"ನಾನು ಅಳ್ತಿರ್ಲಿಲ್ಲ" ಎಂದಳು ಅವಳು. "ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು."

ಅವನಿಗೆ ಒಂದೊಂದು ಅಕ್ಷರವೂ ಕೇಳಿಸಿತ್ತು. ಆದರೂ ಕಿವಿಗೆ ಕೈಯಾನಿಸಿ, "ಏನು?" ಎಂದ.

ಅವಳು ಮುಂದಕ್ಕೆ ಬಗ್ಗಿ, ಬಾಯಿ ಬಿಟ್ಟು, ಇನ್ನೂ ಜೋರಾಗಿ ಹೇಳಿದಳು.