ಜುಲೈ ಪುಟದ ಹಗ್ಗ

ಫೋಟೊ ತಿದ್ದುವ ಮೂರನೆಯ ಪ್ರೋಗ್ರಾಮನ್ನೂ ತಿಲ್ಡಾ ಕಿತ್ತುಹಾಕಿದಳು.

ಮೊದಲನೆಯದು ಇಳಿದು ಬರುವುದಕ್ಕೇ ಒಂದೂವರೆ ಗಂಟೆ ಹಿಡಿದಿತ್ತು. ತೆರೆದದ್ದೇ ತಡ, ಅವಳ ಒಂಬತ್ತು ವರ್ಷದ ಲ್ಯಾಪ್‌ಟಾಪಿನ ಫ್ಯಾನು ಬೊಬ್ಬೆ ಹಾಕತೊಡಗಿ, ಪರದೆ ಅಲ್ಲಾಡದೆ ನಿಂತುಬಿಟ್ಟಿತು. ಎರಡನೆಯದು ಫೋಟೊ ಮುಟ್ಟುವ ಮೊದಲೇ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಎಂದು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಣೆಗೆ ಕೂತಿತು. ಮೂರನೆಯದು ಎರಡು ಫೋಟೊ ಚೆನ್ನಾಗಿಯೇ ಮಾಡಿಕೊಟ್ಟು, ಅದರ ಮುಂದಿನದರ ನಡುಮಧ್ಯೆ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಒತ್ತಿಬಿಟ್ಟಿತು.

ನಾಲ್ಕನೆಯದು ಪುಟ್ಟದು. ಒಲೆಯ ಮೇಲಿನ ನೀರು ಕುದಿಯುವಷ್ಟರಲ್ಲಿ ಇಳಿದು, ಅವಳು ಕಾಫಿ ಬಗ್ಗಿಸುವಷ್ಟರಲ್ಲಿ ತೆರೆದುಕೊಂಡಿತು. ಕತ್ತರಿಸು, ನೇರ ಮಾಡು, ಬೆಳಕು ಹೆಚ್ಚಿಸು, ಕಲೆ ಒರೆಸು, ಇಷ್ಟೇ ಅದಕ್ಕೆ ಗೊತ್ತಿದ್ದ ಕೆಲಸ. ಒರೆಸುವುದಕ್ಕೊಂದು ಸಣ್ಣ ಕುಂಚ. ಹೇಳಿದರೆ ಮಾಡುತ್ತದೆ, ಹೇಳದಿದ್ದರೆ ಸುಮ್ಮನಿರುತ್ತದೆ. ತನ್ನ ಸ್ವಭಾವಕ್ಕೆ ಒಗ್ಗುವ ಜೀವವೊಂದು ಸಿಕ್ಕಿತು ಎಂದು ತಿಲ್ಡಾಗೆ ಅನ್ನಿಸಿತು.

ಅವಳಿಗೆ ಇಪ್ಪತ್ತೇಳು ವರ್ಷ. ಉತ್ತರ ಸ್ವೀಡನ್ನಿನ ಉಮೆಯೊ ನಗರದಲ್ಲಿ ಇತಿಹಾಸ ಓದಿ ಬಂದು, ಲಿಲ್‌ಫೋರ್ಸಿನ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ ಮಾಡುತ್ತಿದ್ದಳು. ಊರ ಚರಿತ್ರೆ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದಳು. ಅದಕ್ಕೆ ಒಪ್ಪಿಕೊಂಡಿದ್ದು, ಸಭೆಯಲ್ಲಿ ತಲೆ ತಗ್ಗಿಸಿ ಬರೆಯುತ್ತ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ ಎಂಬ ಒಂದೇ ಆಸೆಯಿಂದ.

ಸಂಘ ಪ್ರತಿವರ್ಷ ಹಳೆಯ ಗಾಜಿನ ನೆಗೆಟಿವ್‌ಗಳಿಂದ ಹನ್ನೆರಡು ಚಿತ್ರ ಆಯ್ದು ಕ್ಯಾಲೆಂಡರ್ ಮಾಡುತ್ತಿತ್ತು. ಸ್ಕ್ಯಾನ್ ಮಾಡಿದ ಚಿತ್ರಗಳ ಧೂಳು, ಗೀರು ತೆಗೆಯುವ ಕೆಲಸ ತಿಲ್ಡಾಳದು. ಒಬ್ಬಳ ಕೈಲಿ ಆಗದೆಂದು ಅವಳು ಪುಟ್ಟ ಪ್ರೋಗ್ರಾಮನ್ನು ನಾಲ್ಕು ಜನ ಮುದುಕ ಮುದುಕಿಯರ ಮನೆಯ ಕಂಪ್ಯೂಟರಿಗೂ ಹಾಕಿಕೊಟ್ಟಿದ್ದಳು. ಅವರಲ್ಲಿ ಹಿರಿಯಳು ಗೆರ್ಡಾ, ಎಂಬತ್ತೊಂಬತ್ತು ವರ್ಷ.

"ಇದು ಒಳ್ಳೇದು ಕಣೇ," ಎಂದಿದ್ದಳು ಗೆರ್ಡಾ, ಕುಂಚ ಆಡಿಸುತ್ತ. "ನನ್ನ ಗಂಡನಿಗಿಂತ ಮಾತು ಕೇಳುತ್ತೆ."

ಜುಲೈ ಪುಟಕ್ಕೆ ಆಯ್ದಿದ್ದು ಗೆರ್ಡಾಳದೇ ಚಿತ್ರ. ಹೊಳೆಯ ತುಂಬ ತೇಲುವ ಮರದ ದಿಮ್ಮಿಗಳು. ದಡದ ಹುಲ್ಲಿನ ಮೇಲೆ ಎರಡು ವರ್ಷದ ಕೂಸು, ಒಂದು ಕೈ ಮೇಲೆತ್ತಿ ನೀರಿನ ಕಡೆ ಹೊರಟಿದೆ. ಅದರ ಸೊಂಟದಿಂದ ಒಂದು ಹಗ್ಗ ಹೊರಟು, ಹುಲ್ಲನ್ನು ದಾಟಿ ಚಿತ್ರದ ಎಡ ಅಂಚಿನಾಚೆ ಮಾಯವಾಗುತ್ತದೆ.

"ಈ ಫೋಟೊ ತೆಗೆಯೋಕೆ ಹಿಂದಿನ ಬೇಸಿಗೆ ನಮ್ಮಣ್ಣ ಆ ದಿಮ್ಮಿಗಳ ಸಂದಿಗೆ ಬಿದ್ದು ಹೋಗಿಬಿಟ್ಟಿದ್ದ," ಎಂದು ಗೆರ್ಡಾ ಹೇಳಿದ್ದಳು. "ಆಮೇಲೆ ಅಮ್ಮ ಹಾಲು ಕರೆಯೋ ಹೊತ್ತಿಗೆ ನನ್ನನ್ನ ಗೂಟಕ್ಕೆ ಕಟ್ಟಿ ಹೋಗೋಳು. ಹೊಳೆ ದಂಡೇಲಿ ಎಲ್ಲಾರ ಮನೇಲೂ ಹಂಗೇ."

ತಿಲ್ಡಾ ಆ ಚಿತ್ರದ ಮೇಲೆ ನಾಲ್ಕು ಸಂಜೆ ಕೂತಳು. ಗೀರುಗಳನ್ನು ಒರೆಸುವುದು ಸುಲಭ. ಹಗ್ಗವನ್ನು ಮುಟ್ಟದೆ ಅದರ ಪಕ್ಕದ ಗೀರನ್ನು ಒರೆಸುವುದು ಕಷ್ಟ. ಉಸಿರು ಬಿಗಿಹಿಡಿದು, ಅಷ್ಟಷ್ಟೇ ಕುಂಚ ಆಡಿಸಿ, ಹುರಿಯ ಒಂದೊಂದು ಎಳೆಯನ್ನೂ ಉಳಿಸಿದಳು.

ಅಕ್ಟೋಬರಿನ ಒಂದು ಶನಿವಾರ ಸಂಘದ ಶರತ್ಕಾಲದ ಸಭೆ. ಹದಿನೆಂಟು ಜನ ಸೇರಿದ್ದರು. ಮಾಯ್‌ಬ್ರಿತ್ ಆ ಸೀಮೆಯ ವಾಡಿಕೆಯಂತೆ ಬಟ್ಟಲುಗಳಿಗೆ ಗಿಣ್ಣಿನ ತುಂಡು ಹಾಕಿ, ಮೇಲೆ ಬಿಸಿ ಕಾಫಿ ಸುರಿದು ಹಂಚುತ್ತಿದ್ದಳು. ಅಧ್ಯಕ್ಷ ಸಿಗ್ವಾರ್ಡ್ ಊರಿನ ಅರ್ಧ ಜನಕ್ಕೆ ಭೂಗೋಳ ಕಲಿಸಿದ ಮೇಷ್ಟ್ರು, ತಿಲ್ಡಾಗೂ ಕಲಿಸಿದ್ದವನು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಮಗುವಿನ ಹುಟ್ಟುಹಬ್ಬಕ್ಕೆ ಆಟಿಕೆ ತಂದವನ ಮುಖ ಮಾಡಿಕೊಂಡು ನಿಂತಿದ್ದ.

"ಈಗ ನೋಡಿ ಒಂದು ಚಮತ್ಕಾರ. ದೊಡ್ಡ ಸ್ಟುಡಿಯೋದವರು ಬಳಸೋ ಪ್ರೋಗ್ರಾಂ. ಒಂದು ತಿಂಗಳು ಪುಕ್ಕಟೆ ಸಿಕ್ಕಿತ್ತು, ಪ್ರಯತ್ನ ಮಾಡಿದೆ. ಒಂದೇ ಒಂದು ಬಟನ್ನು."

ಮೊದಲು ಜುಲೈ ಪುಟದ ಚಿತ್ರ ಸ್ಕ್ಯಾನ್ ಮಾಡಿದ ಸ್ಥಿತಿಯಲ್ಲೇ ಬಟ್ಟೆಯ ಮೇಲೆ ಬಂತು. ಬಟನ್ ಒತ್ತಿದ. ಧೂಳು ಹೋಯಿತು, ಗೀರು ಹೋಯಿತು, ಹುಲ್ಲು ಹಸಿರಾಯಿತು, ಕೂಸಿನ ಕೆನ್ನೆಗೆ ಗುಲಾಬಿ ಬಣ್ಣ ಬಂತು. ಹಗ್ಗವೂ ಹೋಯಿತು.

"ಅಯ್ಯೋ ಎಷ್ಟು ಮುದ್ದು!" ಎಂದಳು ಮಾಯ್‌ಬ್ರಿತ್. ಯಾರೋ ಚಪ್ಪಾಳೆ ತಟ್ಟಿದರು.

ತಿಲ್ಡಾಳ ಪೆನ್ನು ನಿಂತಿತು. ಬಿಳಿ ಬಟ್ಟೆಯ ಮೇಲೆ ಒಂದು ಕೂಸು ನಗುನಗುತ್ತ ಹೊಳೆಗೆ ನಡೆದು ಹೋಗುತ್ತಿತ್ತು, ಅದನ್ನು ಹಿಡಿದುಕೊಂಡವರು ಯಾರೂ ಇರಲಿಲ್ಲ. ಯಂತ್ರಕ್ಕೆ ಉದ್ದನೆಯ ಬಿಳಿ ಗೆರೆ ಎಂದರೆ ಗೀರು, ಅಷ್ಟೇ. ಆದರೆ ಇಲ್ಲಿ ಕೂತಿರುವ ಇಷ್ಟು ಜನಕ್ಕೆ ಏನಾಗಿದೆ?

"ನಾನು ಸೂಚಿಸೋದು ಇಷ್ಟು," ಎಂದ ಸಿಗ್ವಾರ್ಡ್. "ಸಂಘ ಈ ಪ್ರೋಗ್ರಾಂ ಕೊಳ್ಳೋದು. ಅದು ಓಡೋ ಅಂಥ ಹೊಸ ಕಂಪ್ಯೂಟರ್ ಒಂದು ಇಲ್ಲಿಗೆ ತರೋದು. ಮನೇಲಿ ಕೂತು ಕಣ್ಣು ಹಾಳುಮಾಡಿಕೊಳ್ಳೋದು ಬೇಡ. ತಿಲ್ಡಾ, ನಿನ್ನ ಪ್ರೋಗ್ರಾಂ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅದು ಸೈಕಲ್ಲು, ಇದು ಟ್ರಾಕ್ಟರು."

"ಅಂಗಳ ಗುಡಿಸೋಕೆ ಟ್ರಾಕ್ಟರ್ ತರ್ತಾರೇನೋ?" ಎಂದು ಹಿಂದಿನ ಬೆಂಚಿನಿಂದ ಹೊಲ್ಗರ್ ಗೊಣಗಿದ. ತಿಲ್ಡಾ ಪ್ರೋಗ್ರಾಂ ಹಾಕಿಕೊಟ್ಟ ನಾಲ್ವರಲ್ಲಿ ಅವನೂ ಒಬ್ಬ. ಗೊಣಗಿದನೇ ಹೊರತು ಎದ್ದು ನಿಲ್ಲಲಿಲ್ಲ. ಆ ಊರಿನಲ್ಲಿ ಎಂಬತ್ತರ ಮುದುಕನನ್ನೂ ಹೆಸರು ಹಿಡಿದು ನೀನು ಎನ್ನುವುದು ಸಲೀಸು. ಯಾರಿಗಾದರೂ ಮುಖದೆದುರು ಬೇಡ ಎನ್ನುವುದು ಮಾತ್ರ ಆಗದ ಕೆಲಸ.

"ಹಾಗಾದರೆ, ಸಭೆಗೆ ಒಪ್ಪಿಗೆಯೇ?" ಸಿಗ್ವಾರ್ಡ್ ಮರದ ಸುತ್ತಿಗೆ ಎತ್ತಿದ.

ಅಲ್ಲಿಯವರು ಒಪ್ಪಿಗೆಗೆ ಬಾಯಿಬಿಟ್ಟು ಮಾತಾಡುವುದಿಲ್ಲ. ತುಟಿ ಮುಂದಕ್ಕೆ ಮಾಡಿ ಸರಕ್ಕನೆ ಉಸಿರು ಒಳಗೆಳೆಯುತ್ತಾರೆ. ಕೋಣೆಯ ಉದ್ದಕ್ಕೂ ಆ ಸದ್ದು ಓಡಿತು. ಸುತ್ತಿಗೆ ಮೇಜಿಗೆ ಬಿದ್ದರೆ ಮುಗಿಯಿತು, ಆಮೇಲೆ ಎದ್ದು ಅತ್ತರೂ ಪ್ರಯೋಜನವಿಲ್ಲ. ಮೂರು ವರ್ಷದಿಂದ 'ಸಭೆ ಒಪ್ಪಿತು' ಎಂದು ಬರೆದೂ ಬರೆದೂ ತಿಲ್ಡಾಗೆ ಅದು ಚೆನ್ನಾಗಿ ಗೊತ್ತಿತ್ತು.

"ಇಲ್ಲ," ಎಂದಳು.

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಮಾಯ್‌ಬ್ರಿತ್ ಕಾಫಿ ಸುರಿಯುವುದನ್ನು ಮರೆತು ಕೆಟಲ್ ಹಿಡಿದು ನಿಂತಳು.

"ಏನಂದೆ?"

"ಇಲ್ಲ ಅಂದೆ." ಅವಳ ಕಿವಿ ಕೆಂಪಾಗಿತ್ತು, ಆದರೂ ಎದ್ದಳು. "ನನಗೆ ಒಪ್ಪಿಗೆ ಇಲ್ಲ. ಮತ ಎಣಿಸಬೇಕು."

"ಮತಾನಾ? ಫೋಟೊ ಪ್ರೋಗ್ರಾಮಿಗೆ?" ಸಿಗ್ವಾರ್ಡ್ ನಕ್ಕ, ಜೊತೆಗೆ ನಗುವವರಿಗಾಗಿ ಸುತ್ತ ನೋಡಿದ. "ಮಗಳೇ, ನಲವತ್ತು ವರ್ಷದಲ್ಲಿ ಇಲ್ಲಿ ಒಂದ್ಸಲಾನೂ ಮತ ಎಣಿಸಿಲ್ಲ."

"ಹಾಗಾದರೆ ಇವತ್ತು ಎಣಿಸೋಣ. ಅದು ಹಗ್ಗ ಅಳಿಸಿಹಾಕಿದೆ. ನಿನಗೆ ಕಾಣಿಸಲಿಲ್ವಾ?"

ಸಿಗ್ವಾರ್ಡ್ ಬಟ್ಟೆಯ ಕಡೆ ತಿರುಗಿದ. ತುಸು ಹೊತ್ತು ನೋಡಿದ. "ಹೌದಲ್ಲ. ಸರಿ, ಇಲ್ಲದಿದ್ರೇನೇ ಚೆನ್ನಾಗಿದೆ, ಅಲ್ವಾ? ಮಗೂನ ನಾಯಿ ಥರ ಕಟ್ಟಿಹಾಕಿರೋದನ್ನ ಜನ ಅಡುಗೆ ಮನೆ ಗೋಡೆಗೆ ನೇತುಹಾಕ್ತಾರಾ? ಗೆರ್ಡಾ, ನೀನೇ ಹೇಳು."

ಎಲ್ಲರೂ ಗೆರ್ಡಾಳ ಕಡೆ ತಿರುಗಿದರು. ಅವಳು ಬಟ್ಟಲಿನ ತಳದ ಗಿಣ್ಣನ್ನು ಚಮಚದಿಂದ ಹೆಕ್ಕಿ ನಿಧಾನವಾಗಿ ತಿಂದಳು.

"ಆ ಹಗ್ಗ ಕಂಡರೆ ನನಗೆ ಆಗ್ತಿರಲಿಲ್ಲ," ಎಂದಳು. "ಹಲ್ಲಲ್ಲಿ ಕಚ್ಚಿ ಕಚ್ಚಿ ಹರಿಯೋಕೆ ನೋಡ್ತಿದ್ದೆ."

"ಕೇಳಿದ್ಯಾ?" ಎಂದ ಸಿಗ್ವಾರ್ಡ್.

"ಮುಗೀಲಿ ತಾಳು. ನನಗೆ ಆಗ್ತಿರಲಿಲ್ಲ ಅಂದೆ. ಬಿಚ್ಚು ಅಂತ ನಿನಗೆ ಹೇಳಿದ್ನಾ? ಅದನ್ನ ಬಿಚ್ಚೋಳು ನಮ್ಮಮ್ಮ. ದಿನಾ ಅವಳೇ ಬಿಚ್ಚುತಿದ್ಲು, ಹಾಲು ಕರೆದು ಬಂದಮೇಲೆ. ನೀನು ಯಾರು, ನಿನ್ನ ಬಟನ್ ಯಾರು?"

ಮತ ಎಣಿಸುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಿಯಮದ ಪುಸ್ತಕ ಹುಡುಕಿ ತರುವುದಕ್ಕೆ ಕಾಲುಗಂಟೆ ಹೋಯಿತು. ಕಡೆಗೆ ಕೈ ಎತ್ತಿಸಿದರು. ಕೊಳ್ಳಬೇಕು ಎಂದವರು ಒಂಬತ್ತು, ಬೇಡ ಎಂದವರು ಒಂಬತ್ತು. ಕೈ ಎತ್ತಿದವರು ಅಕ್ಕಪಕ್ಕದವರನ್ನು ನೋಡಿ, ಕದ್ದು ಸಿಕ್ಕಿಬಿದ್ದವರ ಹಾಗೆ ಕೆಳಗಿಳಿಸಿದರು. ಸಮ ಬಂದರೆ ಅಧ್ಯಕ್ಷ ಹೇಳಿದ್ದೇ ತೀರ್ಮಾನ ಎಂದು ಪುಸ್ತಕದಲ್ಲಿತ್ತು.

"ಕೊಳ್ಳೋದು," ಎಂದ ಸಿಗ್ವಾರ್ಡ್. ಸುತ್ತಿಗೆ ಬಿತ್ತು.

ತಿಲ್ಡಾ ಕೂತಳು. ಸೋತದ್ದಕ್ಕೆ ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಪೆನ್ನು ತೆಗೆದುಕೊಂಡು, ತೀರ್ಮಾನದ ಕೆಳಗೆ ತನ್ನ ಕೈಯಿಂದಲೇ ಬರೆದಳು: 'ಕಾರ್ಯದರ್ಶಿ ತಿಲ್ಡಾ ನೊರ್ಮಾರ್ಕ್ ಈ ತೀರ್ಮಾನವನ್ನು ವಿರೋಧಿಸುತ್ತಾಳೆ. ಕಾರಣ: ಸದರಿ ಪ್ರೋಗ್ರಾಂ ಚಿತ್ರದಲ್ಲಿ ಇರುವುದನ್ನು ಕೇಳದೆ ಅಳಿಸುತ್ತದೆ.'

ಕ್ಯಾಲೆಂಡರಿನ ಚಿತ್ರಗಳನ್ನು ಮುದ್ರಣಕ್ಕೆ ಕಳಿಸಲು ಗುರುವಾರ ಕೊನೆಯ ದಿನ. ಬುಧವಾರ ಮಧ್ಯಾಹ್ನ ಸಿಗ್ವಾರ್ಡ್ ನಡಾವಳಿಗೆ ಸಹಿ ಹಾಕಲು ಅವಳ ಮನೆಗೆ ಬಂದ. ಅಡುಗೆ ಮನೆಯ ಮೇಜಿನ ಸುತ್ತ ಗೆರ್ಡಾ, ಹೊಲ್ಗರ್, ಇನ್ನಿಬ್ಬರು ತಂತಮ್ಮ ಹಳೆಯ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಅವನು ಬೂಟು ಕಳಚಿ, ಕಾಲುಚೀಲದಲ್ಲಿ ಬಾಗಿಲಲ್ಲೇ ನಿಂತ.

"ಏನಿದು, ಬಂಡಾಯದ ಶಿಬಿರ?"

"ಡಿಸೆಂಬರ್ ಪುಟ," ಎಂದ ಹೊಲ್ಗರ್ ತಲೆಯೆತ್ತದೆ. "ಹಿಮದ ಮೇಲಿನ ಗೀರು. ಸರಿ ನೋಡ್ಕೊಂಡು ಒರೆಸದಿದ್ರೆ ಹಿಮಸಾರಂಗದ ಕೊಂಬೇ ಹೋಗುತ್ತೆ. ಹೊಸ ಕಂಪ್ಯೂಟರ್ ಬಂತಾ?"

"ಮುಂದಿನ ತಿಂಗಳು," ಎಂದು ಸಿಗ್ವಾರ್ಡ್ ಕುರ್ಚಿ ಎಳೆದುಕೊಂಡ. ಕನ್ನಡಕ ಏರಿಸಿ ನಡಾವಳಿ ಓದುತ್ತ ಹೋಗಿ, ಕೊನೆಯ ಪ್ಯಾರಾದಲ್ಲಿ ನಿಂತ. "ತಿಲ್ಡಾ, ಈ ಸಾಲು. 'ಕೇಳದೆ ಅಳಿಸುತ್ತದೆ' ಅಂದರೆ ಕಳ್ಳತನ ಮಾಡಿದ ಹಾಗೆ ಕೇಳಿಸುತ್ತೆ. 'ಬೇರೆ ಅಭಿಪ್ರಾಯ ವ್ಯಕ್ತವಾಯಿತು' ಅಂತ ಹಾಕೋಣ. ನಯವಾಗಿರುತ್ತೆ."

"ಬೇಡ."

"ಐವತ್ತು ವರ್ಷ ಆದ್ಮೇಲೂ ಇದನ್ನ ಓದ್ತಾರೆ ಕಣೇ."

"ಓದಲಿ ಅಂತಾನೇ ಬರೆದಿರೋದು. ಒಂದಕ್ಷರಾನೂ ಬದಲಾಗಲ್ಲ."

ಅವನು ಪೆನ್ನಿನ ತುದಿಯಿಂದ ಮೇಜು ಕುಟ್ಟಿದ. ಆಮೇಲೆ ಕಣ್ಣು ಅವಳ ಪರದೆಯ ಮೇಲೆ ಬಿತ್ತು. ಅಲ್ಲಿ ಜುಲೈ ಪುಟ ತೆರೆದಿತ್ತು, ಹಗ್ಗದ ಸಮೇತ. ಪಕ್ಕದಲ್ಲಿ ಮುದ್ರಣಾಲಯಕ್ಕೆ ಬರೆದ ಇಮೇಲ್.

"ಅದನ್ನ ಕಳಿಸೋ ಹಾಗಿಲ್ಲ. ಸಭೆ ತೀರ್ಮಾನ ಮಾಡಿದೆ."

"ಏನಂತ ಮಾಡಿದೆ, ಓದು."

"ಪ್ರೋಗ್ರಾಂ ಕೊಳ್ಳೋದು ಅಂತ."

"ಕೊಳ್ಳೋದು. ನಾನು ಅದನ್ನ ಬಳಸಬೇಕು ಅಂತ ಎಲ್ಲಿದೆ? ಚಿತ್ರ ಯಾವುದು ಅಂತ ಎಲ್ಲಿದೆ? ನೀನು ಕೇಳಲಿಲ್ಲ, ಯಾರೂ ಹೇಳಲಿಲ್ಲ, ನಾನು ಬರೆದಿಲ್ಲ."

"ಅದು ಅರ್ಥವಾಗೋ ಮಾತಲ್ವಾ!"

"ಮೇಷ್ಟ್ರೇ, ಅರ್ಥವಾಯ್ತು ಅಂದುಕೊಂಡೇ ಇಷ್ಟು ವರ್ಷ ನಡೀತು." ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಇನ್ನೊಂದು ಸಭೆ ಕರಿ. ಬಂದು ಇನ್ನೊಂದ್ಸಲ ಇಲ್ಲ ಅಂತೀನಿ. ಈಗ ಅಭ್ಯಾಸ ಆಗಿದೆ."

ಗೆರ್ಡಾ ಖೊಕ್ ಎಂದು ನಕ್ಕಳು. ನಕ್ಕಿದ್ದು ಕೆಮ್ಮಾಗಿ, ಹೊಲ್ಗರ್ ಅವಳ ಬೆನ್ನು ತಟ್ಟಬೇಕಾಯಿತು.

ಸಿಗ್ವಾರ್ಡ್ ಸಿಟ್ಟಿನಲ್ಲೇ ಸಹಿ ಹಾಕಿದ; ಕೊನೆಯ ಅಕ್ಷರದ ಬಾಲ ಪುಟದ ಅಂಚಿನವರೆಗೂ ಹೋಯಿತು. ಎದ್ದ. ಬಾಗಿಲ ತನಕ ಹೋದವನು ತಿರುಗಿ ಬಂದು, ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

"ಹುರಿ ಎಳೆ ಎಲ್ಲಾ ಕಾಣಿಸ್ತಿದೆ," ಎಂದ. "ಇದು ಆ ಸೈಕಲ್ಲಲ್ಲಿ ಮಾಡಿದ್ದಾ?"

"ಸೈಕಲ್ಲಲ್ಲೇ."

"ಎಷ್ಟು ಹೊತ್ತು ಹಿಡೀತು?"

"ನಾಲ್ಕು ಸಂಜೆ."

"ಅಷ್ಟು ಪುರುಸೊತ್ತು ಯಾರಿಗಿದೆ," ಎಂದು ಅವನು ಸೊಂಟ ನೆಟ್ಟಗೆ ಮಾಡಿಕೊಂಡ. "ನನಗೆ ಈಗಲೂ ಒಪ್ಪಿಗೆ ಇಲ್ಲ, ತಿಳ್ಕೋ."

"ಸರಿ. ಬೇಕಾದ್ರೆ ಅದನ್ನೂ ಬರೆದುಕೊಳ್ತೀನಿ," ಎಂದು ತಿಲ್ಡಾ, ಅವನು ನೋಡುತ್ತಿರುವಂತೆಯೇ ಕಳಿಸುವ ಬಟನ್ ಒತ್ತಿದಳು.