ಹೋದ ವರ್ಷದ ಗೋಲು

ಕೂಡ್ಲಿಗಿ–ಕೊಟ್ಟೂರು ಫುಟ್‌ಬಾಲ್ ಫೈನಲ್ ಶುರುವಾಗಲು ಇನ್ನೂ ಒಂದು ತಾಸಿತ್ತು. ಮೈದಾನದ ಪಕ್ಕದ ಮಿರ್ಚಿ ಅಂಗಡಿಯಲ್ಲಿ ಎರಡೂ ಊರಿನವರು ವಿಡಿಯೋ ರೆಫರಿ ಬೇಕೋ ಬೇಡವೋ ಎಂದು ಕಿತ್ತಾಡುತ್ತಿದ್ದರು. ಲೈನ್ ರೆಫರಿ ನಾಗರತ್ನ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದಳು. ಹೋದ ವರ್ಷದ ಫೈನಲ್‌ನಲ್ಲಿ ಕೊಟ್ಟೂರಿನ ಕೊನೆಯ ಗೋಲಿಗೆ ಆಫ್‌ಸೈಡ್ ಬಾವುಟ ಎತ್ತಿ ಅದನ್ನು ರದ್ದಾಗಿಸಿದವಳು ಅವಳೇ. ಅಂದಿನಿಂದ ಬೈಗುಳ ಕೇಳಿ ಕೇಳಿ ಮನಸ್ಸು ಜಡ್ಡುಗಟ್ಟಿತ್ತು.

“ಕ್ಯಾಮೆರಾ ಇದ್ದಿದ್ರ ಕಪ್ ನಮ್ದಾಗ್ತಿತ್ತು,” ಎಂದ ಕೊಟ್ಟೂರಿನ ಅಮರೇಶ್.

“ಲೇ, ಟೀವಿಯಾಗ ಗೆರಿ ಎಳದು ಕಾಲ್ಬೆರಳು ಅಳೀತಾರ. ಅದೂ ಒಂದು ಆಟೇನು?” ಎಂದ ಕೂಡ್ಲಿಗಿಯ ಹುಲುಗೇಶ.

ಅಮರೇಶ್ ಎದ್ದು ಬಂದು ನಾಗರತ್ನಳ ಮುಂದೆ ಮೊಬೈಲ್ ಹಿಡಿದ. “ಅವತ್ತು ಯಾರೋ ಮಾಳಿಗಿ ಮ್ಯಾಲಿಂದ ತೆಗೆದ ವಿಡಿಯೋ. ನೀವೇ ನೋಡ್ರಿ ಮೇಡಂ.”

ಪಾಸ್ ಕೊಟ್ಟ ಕ್ಷಣದಲ್ಲಿ, ಗೋಲು ಹೊಡೆದವನಿಗಿಂತ ಮುಂದೆ ಗೋಲ್‌ಕೀಪರ್ ಅಲ್ಲದೆ ಕೂಡ್ಲಿಗಿಯ ಇನ್ನೊಬ್ಬ ಆಟಗಾರನೂ ನಿಂತಿದ್ದ; ಅದು ಆಫ್‌ಸೈಡ್ ಆಗಿರಲೇ ಇಲ್ಲ. ಅವಳು ಎರಡು ಸಲ ನೋಡಿದಳು. ನಾಚಿಕೆಯೂ ಆಗಲಿಲ್ಲ, ಅಳುವೂ ಬರಲಿಲ್ಲ.

“ಗೋಲು ಖರೇ ಐತಿ. ತಪ್ಪು ನಂದು.”

ವರ್ಷದಿಂದ ಇದೇ ಮಾತಿಗೆ ಕಾದಿದ್ದ ಅಮರೇಶ್ ಮೊಬೈಲನ್ನು ಜೇಬಿಗಿಟ್ಟ.

“ಇವತ್ತೂ ನೀವೇ ಏನ್ರಿ ಲೈನಿಗೆ?” ಎಂದು ಮೆಲ್ಲಗೆ ಕೇಳಿದ.

“ಹೂನಪ್ಪ. ಬ್ಯಾರೆ ಯಾರೂ ಒಪ್ಪಲಿಲ್ಲ.”

ಅವಳು ಎದ್ದಾಗ ಎರಡೂ ಊರಿನವರು ಸರಿದು ದಾರಿ ಬಿಟ್ಟರು.