ಅಲ್ಯೂಮಿನಿಯಂ ಟ್ಯಾಂಕರಿನ ಎರಡು ಮಗ್ಗುಲು

"ನಮ್ಮ ಭಾವ ತೊಳೆದ ಗಾಡಿಯನ್ನು ಒಣಗುವ ಮೊದಲೇ ಮಾರಿಬಿಡಬೇಕು. ಒಣಗಿದ ಮೇಲೆ ಯಾರೂ ತಗೊಳ್ಳುದಿಲ್ಲ."

ಸೀನ ಈ ಮಾತನ್ನು ಹೇಳಿದ್ದು ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಪಾಯಸ ಬಡಿಸುತ್ತಿದ್ದವರು ಸಹ ಸೌಟು ಹಿಡಿದುಕೊಂಡೇ ನಕ್ಕಿದ್ದರು. ಎದುರು ಸಾಲಿನಲ್ಲಿ ಕೂತಿದ್ದ ಲತೀಶ ಮಾತ್ರ ನಗಲಿಲ್ಲ. ಸೀನ ಅವನ ಹೆಂಡತಿ ತೃಪ್ತಿಯ ಅಣ್ಣ. ಕಡಬದಲ್ಲಿ ಸೀನನ ವಾಟರ್ ಸರ್ವಿಸ್ ಇತ್ತು; ಲತೀಶ ಗಾಡಿ ತೊಳೆಯುವ ಕೆಲಸ ಕಲಿತದ್ದೂ ಅಲ್ಲಿಯೇ. ಕಲಿತವನು ಪುತ್ತೂರಿಗೆ ಬಂದು ತನ್ನದೇ ವಾಟರ್ ಸರ್ವಿಸ್ ಹಾಕಿದ್ದು ಸೀನನಿಗೆ ಒಳಗೊಳಗೇ ಚುಚ್ಚಿತ್ತು. ಆ ಚುಚ್ಚಿದ್ದು ಪಂಕ್ತಿಯಲ್ಲಿ ತಮಾಷೆಯಾಗಿ ಹೊರಬಿತ್ತು. ಅಂದಿನಿಂದ ಭಾವಂದಿರಿಬ್ಬರಿಗೂ ಮಾತಿಲ್ಲ. ಹಬ್ಬಕ್ಕೆ ತವರಿಗೆ ಹೋಗಬೇಕಾದರೆ ತೃಪ್ತಿ ಒಬ್ಬಳೇ ಬಸ್ಸು ಹತ್ತುತ್ತಿದ್ದಳು.

ಲತೀಶನಿಗೆ ಹೆಚ್ಚು ಉರಿದದ್ದು ಮಾತಿನಲ್ಲಿ ಸ್ವಲ್ಪ ನಿಜ ಇತ್ತು ಎಂಬುದಕ್ಕೆ. ಅವನ ಬೋರ್‌ವೆಲ್ ನೀರು ಗಡುಸು. ಕರಿ ಕಾರು ಒಣಗಿದರೆ ಮೈಮೇಲೆ ಬಿಳಿ ಚುಕ್ಕೆ ಏಳುತ್ತಿತ್ತು. ಆದರೆ ಭಾವನೇನು ಕಮ್ಮಿಯೇ? ಸಾಬೂನು ಹಚ್ಚಿ ಚಾ ಕುಡಿಯಲು ಹೋದರೆ ವಾಪಸು ಬರುವಷ್ಟರಲ್ಲಿ ನೊರೆ ಗಾಡಿಯ ಮೇಲೆಯೇ ಒಣಗಿರುತ್ತಿತ್ತು. ಅದನ್ನು ಪಂಕ್ತಿಯಲ್ಲಿ ಹೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಹೀಗಿರುವಾಗ ರಾಮಕುಂಜದ ಮೂಸಕುಂಞಿಯವರು ಒಂದು ಟ್ಯಾಂಕರ್ ತಂದರು. ಖಾದ್ಯ ಎಣ್ಣೆ ಸಾಗಿಸುವ ಟ್ರೈಲರ್ ಅದು. ಉದ್ದಕ್ಕೂ ಪಾಲಿಶ್ ಮಾಡಿದ ಅಲ್ಯೂಮಿನಿಯಂ. ರಸ್ತೆಯಲ್ಲಿ ಹೋದರೆ ಎರಡೂ ಬದಿಯ ಮರಗಳು, ಅಂಗಡಿಗಳು, ಬಸ್ಸಿಗೆ ಕಾದು ನಿಂತವರು, ಎಲ್ಲ ಅದರ ಹೊಟ್ಟೆಯ ಮೇಲೆ ಸೊಟ್ಟಗೆ ಓಡುತ್ತಿದ್ದರು. ಮೂಸಕುಂಞಿಯವರಿಗೆ ಅದರ ಮೇಲೆ ಮಗಳಿಗಿಂತ ಒಂದು ಗುಲಗಂಜಿ ಹೆಚ್ಚೇ ಪ್ರೀತಿ ಎಂದು ಮಗಳು ಫಾತಿಮತ್ ಝುಹ್ರಾಳೇ ಹೇಳುತ್ತಿದ್ದಳು. ಬೆಳಿಗ್ಗೆ ಅವರು ಟೊಪ್ಪಿ ಸರಿ ಮಾಡಿಕೊಳ್ಳುತ್ತಿದ್ದದ್ದು ಟ್ಯಾಂಕರಿನ ಎದುರು ನಿಂತು.

ಆದರೆ ತೊಳೆದಾಗಲೆಲ್ಲ ಅದರ ಮೇಲೆ ಗಂಜಿ ತೆಳಿ ಬಳಿದ ಹಾಗೆ ಒಂದು ಮಬ್ಬು ಪೊರೆ ಕೂರುತ್ತಿತ್ತು. ಪುತ್ತೂರಿನಲ್ಲಿ ಲತೀಶ ತೊಳೆದರೂ ಅಷ್ಟೆ, ಕಡಬದಲ್ಲಿ ಸೀನ ತೊಳೆದರೂ ಅಷ್ಟೆ.

"ಅದು ಭಾವ ಹಾಕುವ ಸಾಬೂನಿನ ಖಾರ ಮೂಸಾಕ. ಅಲ್ಯೂಮಿನಿಯಂ ಅಂದ್ರೆ ಮಗುವಿನ ಮೈ. ಅವರಿಗೆ ಗೊತ್ತುಂಟಾ?" ಎಂದ ಲತೀಶ.

"ಪುತ್ತೂರಿನ ನೀರು ತಾಗಿದ್ದಲ್ವಾ, ಇನ್ನು ನಾಲ್ಕು ಸಲ ತೊಳೆದರೂ ಹೋಗುದಿಲ್ಲ" ಎಂದ ಸೀನ.

ಮೂಸಕುಂಞಿಯವರಿಗೆ ತಲೆ ಚಿಟ್ಟು ಹಿಡಿಯಿತು. ಆಗ ಝುಹ್ರಾ ಒಂದು ಉಪಾಯ ಹೇಳಿದಳು. ಅಪ್ಪನ ಲಾರಿಗಳ ವ್ಯವಹಾರ ನೋಡಿಕೊಳ್ಳುತ್ತಿದ್ದವಳು ಅವಳು. ದೊಡ್ಡ ಗಾಡಿಯ ಲೈಸೆನ್ಸೂ ಇತ್ತು. "ಇಬ್ಬರನ್ನೂ ನಮ್ಮ ಜಾಗಕ್ಕೇ ಕರೆಯುವಾ. ನಮ್ಮ ಬಾವಿಯದ್ದೇ ನೀರು. ಒಂದು ಮಗ್ಗುಲು ಒಬ್ಬರು, ಇನ್ನೊಂದು ಮಗ್ಗುಲು ಮತ್ತೊಬ್ಬರು. ಯಾರದ್ದು ಕನ್ನಡಿಯ ಹಾಗೆ ಉಳಿತದೋ ಅವರಿಗೇ ಇನ್ನು ನಮ್ಮ ಎಲ್ಲ ಗಾಡಿ."

ಬಾರದೆ ಇರಲು ಇಬ್ಬರಿಗೂ ಮರ್ಯಾದೆ ಬಿಡಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಮೂಸಕುಂಞಿಯವರ ಮನೆಯ ಪಕ್ಕದ ಅಂಗಳದಲ್ಲಿ ಟ್ಯಾಂಕರ್ ನಿಂತಿತ್ತು. ಒಂದು ಮಗ್ಗುಲು ರಸ್ತೆಗೆ, ಇನ್ನೊಂದು ರಬ್ಬರ್ ತೋಟಕ್ಕೆ. ಚೀಟಿ ಎತ್ತಿದಾಗ ರಸ್ತೆ ಕಡೆಯದ್ದು ಲತೀಶನಿಗೆ ಬಂತು, ತೋಟದ ಕಡೆಯದ್ದು ಸೀನನಿಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬಕೆಟು ಎತ್ತಿಕೊಂಡರು. ನಡುವೆ ಅಷ್ಟು ದೊಡ್ಡ ಟ್ಯಾಂಕರ್ ಅಡ್ಡ ಇದ್ದದ್ದು ಅನುಕೂಲವೇ ಆಯಿತು. ಆಚೆಯಿಂದ ಸೀನನ ಗುನುಗು ಕೇಳಿದಾಗ ಲತೀಶ ಈಚೆಯಿಂದ ಇನ್ನೂ ಜೋರಾಗಿ ಶಿಳ್ಳೆ ಹಾಕಿದ.

ಆ ದಿನ ಅವನು ನಿಜವಾಗಿಯೂ ಚಂದ ತೊಳೆದ. ಮೊದಲು ಬರೀ ನೀರು ಬಿಟ್ಟು ಕೆಂಪು ಧೂಳು ಇಳಿಸಿದ. ತೆಳು ಸಾಬೂನು ನೀರನ್ನು ಮೆದು ಬಟ್ಟೆಯಲ್ಲಿ ಹಚ್ಚಿದ. ಓಡಿ ಓಡಿ ಒರೆಸಿದ. ಆದರೂ ಟ್ಯಾಂಕರಿನ ಒಂದು ತುದಿ ಒರೆಸುವಾಗ ಇನ್ನೊಂದು ತುದಿ ಒಣಗಿ ತುಸು ಮಂಕಾಯಿತು. ಅಂಗೈಯಗಲದ ಮಂಕು. ಭಾವನ ಮಗ್ಗುಲು ಇದಕ್ಕಿಂತ ಹೊಳೆದರೆ? ನಾಳೆ ಕಡಬದಿಂದ ಪುತ್ತೂರಿನವರೆಗೆ ಯಾವ ಪಂಕ್ತಿಯಲ್ಲೂ ಕೂರುವ ಹಾಗಿಲ್ಲ.

ಮಧ್ಯಾಹ್ನ ಮೂಸಕುಂಞಿಯವರು ಇಬ್ಬರನ್ನೂ ಊಟಕ್ಕೆ ಕೂರಿಸಿದರು. ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನ. ಊಟದ ನಡುವೆ ಹೊರಗೆ ಲಾರಿ ಸ್ಟಾರ್ಟ್ ಆದ ಶಬ್ದ ಕೇಳಿತು.

"ಝುಹ್ರಾ ಹಲಸಿನ ಮರದಡಿಗೆ ಹಾಕುದು. ಬಿಸಿಲು ಬಿತ್ತಲ್ವಾ" ಎಂದರು ಮೂಸಕುಂಞಿಯವರು. "ಊಟ ಆಗಲಿ, ಮತ್ತೆ ನೋಡುವಾ."

ಲತೀಶನಿಗೆ ಗಸಿಯ ರುಚಿ ಹತ್ತಲಿಲ್ಲ. ಕೈ ತೊಳೆದವನೇ ಮೊಬೈಲು ಕಿವಿಗಿಟ್ಟು, ಯಾರೂ ಮಾಡದ ಫೋನಿಗೆ "ಹಲೋ, ಹಾ, ಕೇಳುದಿಲ್ಲ, ಹೊರಗೆ ಬರ್ತೇನೆ" ಎನ್ನುತ್ತ ಅಂಗಳಕ್ಕೆ ಇಳಿದ. ಟ್ಯಾಂಕರ್ ಹಲಸಿನ ಮರದಡಿ ನಿಂತಿತ್ತು, ಮೊದಲಿನ ಹಾಗೆಯೇ ಒಂದು ಮಗ್ಗುಲು ರಸ್ತೆಗೆ, ಒಂದು ತೋಟಕ್ಕೆ. ಬಾವಿಕಟ್ಟೆಯ ಬಕೆಟಿನಲ್ಲಿ ಸಾಬೂನು ನೀರು ಉಳಿದಿತ್ತು. ಹೆಗಲ ಮೇಲಿನ ಬೈರಾಸನ್ನು ಅದರಲ್ಲಿ ಅದ್ದಿ, ರಬ್ಬರ್ ಮರಗಳ ಮರೆಯಲ್ಲಿ ಬಗ್ಗಿಕೊಂಡು ಹೋಗಿ, ತೋಟದ ಕಡೆಯ ಮಗ್ಗುಲಿಗೆ ಉದ್ದಕ್ಕೂ ಎಳೆದ. ತಗಡು ಇನ್ನೂ ಬಿಸಿ ಇತ್ತು. ಎಳೆದ ಹಾಗೆ ಒಣಗಿ ಬೆಳ್ಳಗಾಯಿತು. ಅದಕ್ಕೆ ಮೊದಲು ಎಷ್ಟು ಹೊಳೆಯುತ್ತಿತ್ತು ಅದು! ಅಂಗೈಯಗಲದ ಒಂದು ಮಂಕು ಬಿಟ್ಟರೆ ಭಾವನ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಲತೀಶನಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಮರುಕ್ಷಣವೇ ಪಂಕ್ತಿಯ ನಗು ನೆನಪಾಯಿತು. ಇನ್ನೊಮ್ಮೆ ಎಳೆದ.

ಅವನು ಜಗಲಿ ಹತ್ತುವಾಗ ಸೀನ ಎದುರಾದ. ಬಾಯಿ ತುಂಬ ಎಲೆಯಡಿಕೆ. ಉಗಿಯಲು ಎಂದು ಸನ್ನೆ ಮಾಡಿ ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಕೊನೆಗೆ ಎಲ್ಲರೂ ಅಂಗಳಕ್ಕೆ ಬಂದರು.

"ಮೊದಲು ಭಾವನದ್ದು ನೋಡಿ ಮೂಸಾಕ. ದೊಡ್ಡವರು ಅವರು" ಎಂದ ಲತೀಶ.

"ಛೆ ಛೆ, ಮೊದಲು ಭಾವನದ್ದೇ ನೋಡಿ. ಸಣ್ಣವರಿಗೆ ಪ್ರೋತ್ಸಾಹ ಬೇಕು" ಎಂದ ಸೀನ.

ವರ್ಷಗಳ ಮೇಲೆ ಇಬ್ಬರೂ ಎದುರೆದುರೇ ಭಾವ ಎಂದದ್ದು ಅದೇ ಮೊದಲು. ಮೂಸಕುಂಞಿಯವರಿಗೆ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ಅವರು ಹತ್ತಿರವಿದ್ದ ತೋಟದ ಕಡೆಗೇ ನಡೆದರು. ಟೊಪ್ಪಿ ಸರಿ ಮಾಡಲು ಕೈ ಎತ್ತಿದವರಿಗೆ ಟ್ಯಾಂಕರಿನಲ್ಲಿ ಟೊಪ್ಪಿಯೂ ಇಲ್ಲ, ಮುಖವೂ ಇಲ್ಲ. ಬರೀ ಬಿಳಿ ಗೀರು.

"ಅಯ್ಯೋ ದೇವರೇ!" ಲತೀಶ ಹಣೆ ಹಣೆ ಬಡಿದುಕೊಂಡ. "ಎಂತ ಭಾವ ಇದು? ಮೂಸಾಕ ನಂಬಿ ಕೊಟ್ಟ ಗಾಡಿ!"

ಸೀನನ ಬಾಯಿ ತೆರೆದೇ ಉಳಿಯಿತು. "ನಾನು... ಇಲ್ಲ ಮಾರಾಯ, ನಾನು ಹೀಗೆ ತೊಳೆದದ್ದೇ ಅಲ್ಲ."

"ಹೌದು, ನೀವು ತೊಳೆದದ್ದಲ್ಲ" ಎಂದಳು ಝುಹ್ರಾ ನೆಮ್ಮದಿಯಿಂದ. "ಇದು ಲತೀಶಣ್ಣನ ಮಗ್ಗುಲು. ಮರದಡಿಗೆ ತರಲಿಕ್ಕೆ ನಾನು ರಸ್ತೆಗೆ ಇಳಿಸಿ ತಿರುಗಿಸಿ ತಂದದ್ದು. ಗಾಡಿಯ ಮೂತಿ ಈಗ ಎತ್ಲಾಗಿ ಉಂಟು ನೋಡಿ."

ಲತೀಶ ನೋಡಿದ. ಬೆಳಿಗ್ಗೆ ಪುತ್ತೂರಿನ ಕಡೆಗಿದ್ದ ಮೂತಿ ಈಗ ಕಡಬದ ಕಡೆಗಿತ್ತು. ಕಳ್ಳತನಕ್ಕೆ ಬಗ್ಗಿಕೊಂಡು ಬಂದವನು ತಲೆ ಎತ್ತಿ ಅದನ್ನು ನೋಡಿರಲಿಲ್ಲ. ತಾನು ಮೆಚ್ಚಿಕೊಂಡದ್ದು ತನ್ನದೇ ಕೆಲಸ. ಆ ಅಂಗೈಯಗಲದ ಮಂಕು ಸಹ ತನ್ನದೇ. ಹೆಗಲ ಮೇಲಿನ ಬೈರಾಸಿನಿಂದ ಸಾಬೂನು ನೀರು ಇನ್ನೂ ಅಂಗಿಗೆ ಇಳಿಯುತ್ತಿತ್ತು.

ಸೀನನಿಗೆ ಅರ್ಥವಾಯಿತು. ಮೊಣಕಾಲು ಹಿಡಿದುಕೊಂಡು ನಗತೊಡಗಿದ. "ನನ್ನದು ಅಂತ ಗ್ರಹಿಸಿ... ನಿನ್ನದಕ್ಕೇ... ಅಯ್ಯೋ ಭಾವ..." ನಗು ಏರುತ್ತ ಏರುತ್ತ ನಡುವೆಯೇ ತಟಕ್ಕನೆ ನಿಂತುಹೋಯಿತು.

"ಆಚೆ ಕಡೆ ನೋಡುದು ಬೇಡ ಮೂಸಾಕ" ಎಂದ ಮೆಲ್ಲನೆ.

ಬೇಡ ಎಂದದ್ದಕ್ಕೇ ಎಲ್ಲರೂ ಆಚೆ ಕಡೆ ಓಡಿದರು. ಅಲ್ಲಿ ಲತೀಶ ಎಳೆದದ್ದಕ್ಕಿಂತ ದಪ್ಪ ಪೊರೆ. ಸೀನ ತನ್ನದೇ ಮಗ್ಗುಲಿಗೆ ಬಕೆಟ್ಟನ್ನೇ ಎರಚಿದ್ದ.

ಈಗ ನಗುವ ಸರದಿ ಲತೀಶನದ್ದು. ಹಲಸಿನ ಬುಡಕ್ಕೆ ಒರಗಿ, ಕುಸಿದು, ಹೊಟ್ಟೆ ಹಿಡಿದು ನಕ್ಕ. ಅವನನ್ನು ನೋಡಿ ಸೀನನಿಗೂ ತಡೆಯಲಿಲ್ಲ. ಮೂಸಕುಂಞಿಯವರು ಮಾತ್ರ ನಗಲಿಲ್ಲ.

"ನಿಮ್ಮ ನೆಂಟಸ್ತಿಕೆಯ ಜಗಳಕ್ಕೆ ನನ್ನ ಟ್ಯಾಂಕರೇ ಸಿಕ್ಕಿದ್ದಾ? ನಾಳೆ ಮಂಗಳೂರಿನಲ್ಲಿ ಲೋಡಿಗೆ ನಿಲ್ಲಬೇಕು. ಇಬ್ಬರೂ ಸೇರಿ ಎರಡು ಮಗ್ಗುಲನ್ನೂ ತೊಳೀರಿ. ಆಗದೆ ಇಬ್ಬರೂ ಗೇಟು ದಾಟುವ ಹಾಗಿಲ್ಲ."

ಮರದ ನೆರಳಿನಲ್ಲಿ ತಗಡು ತಣಿಯುವವರೆಗೆ ಕಾದು ಮತ್ತೆ ಶುರು ಮಾಡಿದರು. ಸೀನ ಪೈಪು ಹಿಡಿದ. ಸಾಬೂನನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು, ನೀರನ್ನು ಮೇಲಿನಿಂದ ಬಿಡಬೇಕು ಎಂದು ಹಳೆಯ ಮೇಷ್ಟರ ಹಾಗೆ ಗದರಿದ. "ಅದು ನನಗೆ ಗೊತ್ತುಂಟು. ನೀವು ಚಾ ಕುಡೀಲಿಕ್ಕೆ ಹೋಗದಿದ್ದರೆ ಸಾಕು" ಎಂದ ಲತೀಶ. ಸೀನನ ಪೈಪು ಮುಂದೆ ಹೋದ ಹಾಗೆ ಲತೀಶ ಒಣಬಟ್ಟೆ ಹಿಡಿದು ಅದರ ಬೆನ್ನಿಗೇ ಒರೆಸುತ್ತ ಹೋದ. ಒಂದು ಹನಿಗೂ ತಾನಾಗಿ ಒಣಗಲು ಪುರುಸೊತ್ತು ಸಿಗಲಿಲ್ಲ. ತುದಿ ಮುಟ್ಟಿ ತಿರುಗಿ ನೋಡಿದರೆ ಪೊರೆ ಇರಲಿಲ್ಲ. ಇಷ್ಟು ದಿನ ಒಬ್ಬೊಬ್ಬರೇ ಹೆಣಗಿ, ಇಷ್ಟುದ್ದದ ಗಾಡಿಯ ಬಾಲ ಒರೆಸುವಾಗ ತಲೆಯನ್ನು ಒಣಗಲು ಬಿಟ್ಟದ್ದೇ ಎಡವಟ್ಟಾಗಿತ್ತು. ಇಬ್ಬರಿಗೂ ಅದು ಒಟ್ಟಿಗೇ ಹೊಳೆಯಿತು.

ಹೊರಡುವಾಗ ಸೀನ ಬೈಕಿನ ಕಿಕ್ಕರ್ ಒದೆಯುತ್ತ ಎತ್ತಲೋ ನೋಡಿ ಹೇಳಿದ: "ಆ ದಿನ ಪಂಕ್ತಿಯಲ್ಲಿ ನಾನು ಹೇಳಿದ್ದು ಸ್ವಲ್ಪ ಹೆಚ್ಚಾಯ್ತು."

"ಸ್ವಲ್ಪವಾ?" ಎಂದ ಲತೀಶ. ಆದರೆ ಬೈಕಿನ ಹತ್ತಿರ ಬಂದು ಸೇರಿಸಿದ: "ಆದಿತ್ಯವಾರ ಊಟಕ್ಕೆ ಬನ್ನಿ. ತೃಪ್ತಿಗೆ ಖುಷಿ ಆಗ್ತದೆ."

ಸಂಜೆ ಮನೆ ಮುಟ್ಟಿ, ಕೋಪ ಬಿಟ್ಟ ದೊಡ್ಡ ಮನುಷ್ಯನ ಗತ್ತಿನಲ್ಲಿ ಆ ಸುದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತೃಪ್ತಿ ಕೇಳಿದಳು: "ಆದಿತ್ಯವಾರ ಅಣ್ಣನಿಗೆ ಕೋಳಿ ಮಾಡುದಾ, ಮೀನಾ?"

"ನಿನಗೆ ಯಾರು ಹೇಳಿದ್ದು?"

"ಝುಹ್ರಾ. ಕಾಲೇಜಿನಲ್ಲಿ ಒಂದೇ ಬೆಂಚು ನಮ್ಮದು." ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಇಬ್ಬರನ್ನೂ ಒಟ್ಟಿಗೆ ಕರೀಲಿಕ್ಕೆ ಹೇಳಿದ್ದು ನಾನೇ. ಊಟದ ಹೊತ್ತಿಗೆ ತಿರುಗಿಸಿ ಇಡ್ಲಿಕ್ಕೆ ಹೇಳಿದ್ದೂ ನಾನೇ. ನೀವು ಕದ್ದು ಹೋಗ್ತೀರಿ ಅಂತ ನನಗೆ ಗೊತ್ತಿಲ್ವಾ? ಅಣ್ಣನ ಬುದ್ಧಿಯಂತೂ ಸಣ್ಣದರಿಂದ ನೋಡಿದ್ದೇನೆ."

ಲತೀಶ ಹಸಿ ಬೈರಾಸು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತ. ರೇಗಬೇಕು ಎಂದುಕೊಂಡ, ಆಗಲಿಲ್ಲ. ಕೂಡಲೇ ಭಾವನಿಗೆ ತಿಳಿಸಬೇಕೆಂದು ಮೊಬೈಲು ತೆಗೆದು ಹೆಸರು ಹುಡುಕಿದ. ಹುಡುಕಿದವನಿಗೆ ಬೇರೆ ಯೋಚನೆ ಬಂತು. ಹೆಂಗಸರಿಬ್ಬರೂ ಸೇರಿ ತಮ್ಮನ್ನು ಕುಣಿಸಿದ್ದು ತನಗೆ ಗೊತ್ತು, ಭಾವನಿಗೆ ಗೊತ್ತಿಲ್ಲ. ಬರುವ ಯಾವುದಾದರೂ ಗೃಹಪ್ರವೇಶಕ್ಕೆ, ಪಾಯಸ ಬಡಿಸುವ ಹೊತ್ತಿಗೆ, ಇದು ಬೇಕಾದೀತು.

ಮೊಬೈಲನ್ನು ಜೇಬಿಗೆ ಹಾಕಿ, "ಕೋಳಿಯೇ ಮಾಡು" ಎಂದ.